ಪಿಟಿಷನ್‌ಗೆ ಸೈನ್ ಮಾಡಿಸೋ ಮುಂಚೆ ನಮ್ಮ ಜನಕ್ಕೆ ಏನೇನು ಹೇಳ್ಬೇಕು: ಮಿಶಿಗನ್ ಕನ್ನಡಿಗರಿಗೆ

ಎಲೆಕ್ಷನ್ ವರ್ಷದಲ್ಲಿ ಫೆಬ್ರವರಿ ಬಂತು ಅಂದ್ರೆ ಡೆಟ್ರಾಯಿಟ್ ಸುತ್ತಮುತ್ತ ಪಿಟಿಷನ್‌ಗೆ, ಅಂದ್ರೆ ಕ್ಯಾಂಡಿಡೇಟ್ ಹೆಸರು ಬ್ಯಾಲಟ್ ಮೇಲೆ ತರೋ ಅರ್ಜಿಗೆ, ಸಹಿ ಕೇಳ್ತಾ ಕ್ಲಿಪ್‌ಬೋರ್ಡ್ ಹಿಡ್ಕೊಂಡವರು ಕಾಣಿಸೋಕೆ ಶುರು ಆಗ್ತಾರೆ. ದೇಸಿ ಅಂಗಡಿ ಪಾರ್ಕಿಂಗ್ ಲಾಟಲ್ಲಿ, ಲೈಬ್ರರಿ ಹೊರಗೆ, ಮನೆ ಬಾಗಿಲಿಗೂ ಬರ್ತಾರೆ, ಒಂದು ಸಿಗ್ನೇಚರ್ ಅಷ್ಟೇ, ಒಂದೇ ನಿಮಿಷ ಅಂತಾರೆ. ನಮ್ಮವರು ದಾಕ್ಷಿಣ್ಯದ ಜನ, ಪಾಪ ಈ ಚಳೀಲಿ ನಿಂತಿದ್ದಾರಲ್ಲ ಅಂತ ಹಾಳೆ ಮೇಲೆ ಏನಿದೆ ಅಂತಾನೂ ನೋಡ್ದೆ ಸಹಿ ಗೀಚಿ ಬಂದ್ಬಿಡ್ತಾರೆ. ಈಗ ನಮ್ಮವರೇ ಎಷ್ಟೋ ಜನ ಕ್ಯಾಂಪೇನ್‌ಗಳಿಗೆ ವಾಲಂಟಿಯರ್ ಆಗಿ ಕ್ಲಿಪ್‌ಬೋರ್ಡ್ ಹಿಡೀತಿದ್ದಾರೆ, ಫ್ರೆಂಡ್ ಸ್ಕೂಲ್ ಬೋರ್ಡಿಗೆ ನಿಂತಿದ್ದಾನೆ, ಪಕ್ಕದ ರಸ್ತೆಯವರು ಸ್ಟೇಟ್ ಹೌಸಿಗೆ (ಇಲ್ಲಿಯ ವಿಧಾನಸಭೆಗೆ) ನಿಂತಿದ್ದಾರೆ ಅಂತ. ತುಂಬಾ ಸಂತೋಷದ ವಿಷಯ. ಇದನ್ನ ಮುಖ್ಯವಾಗಿ ಆ ವಾಲಂಟಿಯರ್‌ಗಳಿಗೆ ಬರೀತಿದ್ದೀನಿ, ಸಹಿ ಹಾಕೋರಿಗೂ ಅಷ್ಟೇ ಉಪಯೋಗ ಆಗತ್ತೆ. ನಾನು ಹೇಳೋದು ಒಂದೇ, ಮಾತು ಮೊದ್ಲು, ಪೆನ್ ಆಮೇಲೆ. ಎದುರಿಗಿರೋರಿಗೆ ಅದು ಏನು ಹಾಳೆ, ಯಾರ ಹೆಸರು, ಅವರು ಸಹಿ ಹಾಕಬಹುದಾ ಇಲ್ವಾ ಅಂತ ತಿಳಿಸ್ದೆ ಪೆನ್ ಕೈಗೆ ಕೊಡಬೇಡಿ.

ಮೊದ್ಲು ಇದು ಏನು ಅಂತ ನಿಮಗೇ ಸರಿಯಾಗಿ ಗೊತ್ತಿರ್ಬೇಕು. ನಮ್ಮೂರಲ್ಲಿ ನಾಮಪತ್ರ ಹಾಕೋಕೆ ಸೂಚಕರು ಬೇಕಲ್ಲ, ಮಾನ್ಯತೆ ಇರೋ ಪಾರ್ಟಿ ಕ್ಯಾಂಡಿಡೇಟ್‌ಗೆ ಆ ಕ್ಷೇತ್ರದ ಒಬ್ಬ ವೋಟರ್ ಸಾಕು, ಪಕ್ಷೇತರರಿಗೆ ಹತ್ತು ಜನ. ಇಲ್ಲಿ ಆ ಹತ್ತರ ಜಾಗದಲ್ಲಿ ನೂರಾರು, ಸಾವಿರಗಟ್ಲೆ ಕೇಳ್ತಾರೆ. ಮಿಶಿಗನ್‌ನಲ್ಲಿ ದೊಡ್ಡ ಪಾರ್ಟಿಯ ಪ್ರೈಮರಿ (ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ಎಲೆಕ್ಷನ್) ಬ್ಯಾಲಟ್ ಮೇಲೆ ಹೆಸರು ಬರ್ಬೇಕು ಅಂದ್ರೆ ಗವರ್ನರ್ ಕ್ಯಾಂಡಿಡೇಟ್‌ಗೆ ಕನಿಷ್ಠ 15,000 ಸಹಿ, ಯುಎಸ್ ಹೌಸಿಗೆ (ಕಾಂಗ್ರೆಸ್, ನಮ್ಮ ಲೋಕಸಭೆ ತರ) 1,000, ಸ್ಟೇಟ್ ಸೆನೆಟ್‌ಗೆ 500, ಸ್ಟೇಟ್ ಹೌಸಿಗೆ 200. ಕೊಡಬಹುದಾದ ಗರಿಷ್ಠ ಇದರ ಡಬಲ್. ಸ್ಟೇಟ್ ಹೌಸ್, ಸ್ಟೇಟ್ ಸೆನೆಟ್ ತರದ ಸೀಟುಗಳಿಗೆ ಸಹಿ ಬದಲು 100 ಡಾಲರ್ ಫೀ ಕಟ್ಟೋ ದಾರಿನೂ ಇದೆ, ಆದ್ರೆ ಕಾಂಗ್ರೆಸ್‌ಗೆ, ಗವರ್ನರ್‌ಗೆ ಆ ದಾರಿ ಇಲ್ಲ, ಸಹಿ ತಂದೇ ತರ್ಬೇಕು. ಲಾಸ್ಟ್ ಡೇಟು ಆಗಸ್ಟ್ ಪ್ರೈಮರಿಗಿಂತ 15 ಮಂಗಳವಾರ ಹಿಂದೆ, ಸಾಯಂಕಾಲ 4 ಗಂಟೆ, ಅಂದ್ರೆ ಏಪ್ರಿಲ್ ಮೂರನೇ ವಾರದ ಹತ್ತಿರ ಬೀಳತ್ತೆ. ಅದಕ್ಕೇ ಹಿಮ ಇನ್ನೂ ಕರಗದೆ ಇರುವಾಗಲೇ ಈ ಓಡಾಟ ಎಲ್ಲ.

ಈಗ ಜನಕ್ಕೆ ಹೇಳ್ಬೇಕಾದ ಮೊದಲನೇ ಮಾತು. ಇದು ವೋಟ್ ಅಲ್ಲ. ಸಹಿ ಹಾಕಿದ ಮಾತ್ರಕ್ಕೆ ಇವರಿಗೇ ವೋಟ್ ಹಾಕ್ಬೇಕು ಅಂತ ಏನೂ ಇಲ್ಲ, ಇವರ ಹೆಸರು ಬ್ಯಾಲಟ್ ಮೇಲೆ ಬರಲಿ ಅಂತ ಒಪ್ಪಿದ ಹಾಗೆ, ಅಷ್ಟೇ. ಮಿಶಿಗನ್‌ನಲ್ಲಿ ವೋಟರ್ ರಿಜಿಸ್ಟ್ರೇಷನ್ ಜೊತೆ ಪಾರ್ಟಿ ಹೆಸರು ಬರ್ಸೋ ಪದ್ಧತಿ ಇಲ್ಲ, ಹಾಗಾಗಿ ನಾನು ಆ ಪಾರ್ಟಿ ಅಲ್ವಲ್ಲ ಅಂತ ಯಾರೂ ಹಿಂಜರೀಬೇಕಾಗಿಲ್ಲ, ಸಹಿ ಹಾಕಿದ್ದಕ್ಕೆ ಯಾವ ಪಾರ್ಟಿಗೂ ಸೇರಿದ ಹಾಗೂ ಆಗಲ್ಲ. ಇದನ್ನ ಹೇಳಿದ ಕೂಡ್ಲೆ ಎಷ್ಟೋ ಜನಕ್ಕೆ ಮನಸ್ಸು ಹಗುರ ಆಗತ್ತೆ. ಆದ್ರೆ ಅದರ ಹಿಂದೇನೇ ಇನ್ನೊಂದು ಮಾತೂ ಹೇಳ್ಬೇಕು. ಇದು ವೋಟ್ ಅಲ್ಲದೆ ಇದ್ರೂ ಕಾನೂನಿನ ಕಾಗದ, ನಾನು ಈ ಊರಿನ ರಿಜಿಸ್ಟರ್ಡ್ ವೋಟರ್ ಅಂತ ನೀವು ನಿಮ್ಮ ಕೈಯಾರೆ ಬರ್ಕೊಡ್ತಿದ್ದೀರ, ವೋಟ್ ಆದ್ರೂ ಗುಟ್ಟಾಗಿರತ್ತೆ ಇದು ಗುಟ್ಟಲ್ಲ, ಫೈಲ್ ಆದ ಮೇಲೆ ಪಬ್ಲಿಕ್ ರೆಕಾರ್ಡ್, ಎದುರು ಕ್ಯಾಂಡಿಡೇಟ್ ಕಡೆಯವರು ಕಾಪಿ ತಗೊಂಡು ಒಂದೊಂದೇ ಹೆಸರು ಒಂದೊಂದೇ ಅಡ್ರೆಸ್ಸು ಚೆಕ್ ಮಾಡ್ತಾರೆ.

ಎರಡನೇದು ಸಿಟಿಜನ್‌ಶಿಪ್. ನಮ್ಮ ಜನದ ಮಧ್ಯೆ ಎಲ್ಲಕ್ಕಿಂತ ಹುಷಾರಾಗಿ ನೋಡ್ಕೋಬೇಕಾದ್ದು ಇದೇ, ಯಾಕಂದ್ರೆ ಕ್ಯಾಂಪೇನ್‌ನವರು ಕೊಡೋ ಟ್ರೈನಿಂಗ್‌ನಲ್ಲಿ ಇದನ್ನ ಒಂದು ಸಾಲಲ್ಲಿ ಹೇಳಿ ಮುಗಿಸಿಬಿಡ್ತಾರೆ. ಪಿಟಿಷನ್‌ಗೆ ಸಹಿ ಹಾಕೋರು ರಿಜಿಸ್ಟರ್ಡ್ ವೋಟರ್ ಆಗಿರ್ಬೇಕು, ವೋಟರ್ ಆಗೋಕೆ ಅಮೆರಿಕನ್ ಸಿಟಿಜನ್ ಆಗಿರ್ಬೇಕು. ಎಚ್-1ಬಿ ಇರೋರು, ಗ್ರೀನ್ ಕಾರ್ಡ್ ಇರೋರು, ಮಗ-ಸೊಸೆ ಮನೆಗೆ ಆರು ತಿಂಗಳಿಗೆ ಅಂತ ಬಂದಿರೋ ಅಪ್ಪ-ಅಮ್ಮ, ಯಾರೂ ಹಾಕೋ ಹಾಗಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದು ಟ್ಯಾಕ್ಸ್ ಕಟ್ತಿರೋ ಗ್ರೀನ್ ಕಾರ್ಡ್‌ನವರಿಗೂ ಆಗಲ್ಲ. ಸಿಟಿಜನ್‌ಶಿಪ್‌ಗೆ ಹಾಕೋ ಎನ್-400 ಫಾರ್ಮಲ್ಲಿ ಯಾವತ್ತಾದ್ರೂ ಅಮೆರಿಕನ್ ಸಿಟಿಜನ್ ಅಂತ ಹೇಳ್ಕೊಂಡಿದ್ದೀರಾ, ಎಲ್ಲಾದ್ರೂ ವೋಟರ್ ಆಗಿ ರಿಜಿಸ್ಟರ್ ಆಗಿದ್ದೀರಾ ಅಂತ ನೇರವಾಗಿ ಕೇಳ್ತಾರೆ. ಅಂಗಡಿ ಬಾಗಿಲಲ್ಲಿ ಗಡಿಬಿಡೀಲಿ ಹಾಕಿದ ಒಂದು ಸಹಿ ಅಲ್ಲಿ ತಲೆನೋವು ತರೋದು ಬೇಡ. ಹಾಕಿಬಿಟ್ಟು ಈಗ ಭಯ ಪಡ್ತಿರೋರು ಇದ್ರೆ ವಾಟ್ಸಾಪ್ ಗ್ರೂಪಲ್ಲಿ ಸಲಹೆ ಕೇಳ್ಬೇಡಿ, ಇಮಿಗ್ರೇಷನ್ ಲಾಯರ್ ಹತ್ರ ಹೋಗಿ.

ಮನೆ ಬಾಗಿಲಿಗೆ ಹೋದಾಗ ಇದು ಹೇಗೆ ಆಗತ್ತೆ ಅಂತ ಹೇಳ್ತೀನಿ. ಬೆಲ್ ಮಾಡ್ತೀರ, ಹಗಲು ಹೊತ್ತು, ಮಗ ಸೊಸೆ ಕೆಲ್ಸಕ್ಕೆ ಹೋಗಿರ್ತಾರೆ, ಶಾಲು ಹೊದ್ಕೊಂಡು ಒಬ್ರು ಅಮ್ಮ ಬಾಗಿಲು ತೆಗೀತಾರೆ. ಕನ್ನಡದವರು ಅಂತ ಗೊತ್ತಾದ ತಕ್ಷಣ ಒಳಗೆ ಬನ್ನಿ ಕಾಫಿ ಕುಡೀರಿ ಅಂತಾರೆ, ನೀವು ಯಾವೂರು ಅಂತ ಕೇಳ್ತಾರೆ. ಕ್ಲಿಪ್‌ಬೋರ್ಡ್ ತೋರಿಸಿದ್ರೆ, ಎಲ್ಲಿ ಹಾಕ್ಬೇಕಪ್ಪಾ, ಕನ್ನಡದಲ್ಲಿ ಹಾಕ್ಲಾ ಇಂಗ್ಲಿಷಲ್ಲಾ ಅಂತ ಪೆನ್ನಿಗೆ ಕೈ ಚಾಚ್ತಾರೆ. ಅವರಿಗೆ ಅದು ನಮ್ಮ ಕನ್ನಡದ ಹುಡುಗನಿಗೆ ಮಾಡೋ ಒಂದು ಸಣ್ಣ ಸಹಾಯ. ಆಗ ನೀವು ಪೆನ್ ಹಿಂದಕ್ಕೆ ಇಟ್ಕೊಂಡು, 'ಅಮ್ಮಾ ಬೇಜಾರ್ ಮಾಡ್ಕೋಬೇಡಿ, ಇದಕ್ಕೆ ಇಲ್ಲಿಯ ಸಿಟಿಜನ್ ಆಗಿ ವೋಟರ್ ಲಿಸ್ಟಲ್ಲಿ ಹೆಸರಿರೋರು ಮಾತ್ರ ಸಹಿ ಹಾಕ್ಬೇಕು, ನೀವು ಹಾಕಿದ್ರೆ ನಿಮ್ಗೇ ತೊಂದ್ರೆ ಆಗಬಹುದು, ನಿಮ್ಮ ಮಗ ಬಂದಾಗ ನಾನು ಮತ್ತೆ ಬರ್ತೀನಿ' ಅಂತ ಹೇಳ್ಬೇಕು. ಅವರು ಸರಿ ಬಿಡಪ್ಪಾ, ನನ್ನ ಮಗ ಸಿಟಿಜನ್ನೇ, ಅವನ ಹೆಸರು ನಾನೇ ಬರ್ದು ಹಾಕ್ತೀನಿ ಅಂದ್ರೂ ಬೇಡ ಅನ್ನಿ. ಅದು ಮೂರನೇ ವಿಷಯ.

ಒಬ್ಬರ ಸಹಿ ಇನ್ನೊಬ್ಬರು ಹಾಕೋ ಹಾಗಿಲ್ಲ. ಕೊರಿಯರ್ ಬಂದಾಗ ಗಂಡನ ಪರವಾಗಿ ಹೆಂಡತಿ ಸೈನ್ ಮಾಡಿ ನಮಗೆ ಅಭ್ಯಾಸ, ಇಲ್ಲೂ ಹಾಗೇ ಅಂದ್ಕೊಂಡು ಮನೇಲಿರೋ ನಾಲ್ಕು ಜನದ್ದೂ ಒಬ್ಬರೇ ಒಂದೇ ಪೆನ್ನಲ್ಲಿ ತುಂಬ್ಕೊಟ್ಬಿಡ್ತಾರೆ, ಒಳ್ಳೇ ಮನಸ್ಸಿಂದಾನೇ. ಹಾಳೆ ಮೇಲೇನೇ ಎಚ್ಚರಿಕೆ ಅಚ್ಚಾಗಿರತ್ತೆ, ಬೇರೆಯವರ ಹೆಸರಲ್ಲಿ ಸಹಿ ಹಾಕೋದು, ಎರಡು ಸಲ ಹಾಕೋದು, ಒಂದೇ ಹುದ್ದೆಗೆ ಇರೋ ಸೀಟಿಗಿಂತ ಜಾಸ್ತಿ ಪಿಟಿಷನ್‌ಗೆ ಹಾಕೋದು ಮಿಶಿಗನ್ ಎಲೆಕ್ಷನ್ ಕಾನೂನಿಗೆ ವಿರುದ್ಧ ಅಂತ. ಅಕ್ಷರ ಸಣ್ಣದು, ಯಾರೂ ಓದಲ್ಲ, ಹಾಗಾಗಿ ನೀವೇ ಬಾಯಲ್ಲಿ ಹೇಳ್ಬೇಕು.

ಈ ಒಂದೇ ಹುದ್ದೆಗೆ ಒಂದೇ ಸಹಿ ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ಯುಎಸ್ ಹೌಸಿಗೆ ಒಂದು ಡಿಸ್ಟ್ರಿಕ್ಟಿಂದ ಗೆಲ್ಲೋದು ಒಬ್ಬರೇ, ಹಾಗಾದ್ರೆ ಒಬ್ಬ ವೋಟರ್ ಒಬ್ಬ ಕ್ಯಾಂಡಿಡೇಟ್ ಪಿಟಿಷನ್‌ಗೆ ಮಾತ್ರ ಹಾಕಬಹುದು. ಮೂರು ಸೀಟಿದ್ರೆ ಮೂರು ಜನಕ್ಕೆ. ಜಾಸ್ತಿ ಹಾಕಿದ್ರೆ ತಾರೀಖು ನೋಡ್ತಾರೆ, ಮೊದ್ಲು ಹಾಕಿದ್ದು ಲೆಕ್ಕಕ್ಕೆ ಬರತ್ತೆ, ಒಂದೇ ದಿನ ಇಬ್ಬರಿಗೂ ಹಾಕಿದ್ರೆ ಎರಡೂ ಹೋಗತ್ತೆ. ನಮ್ಮ ಪಾಟ್‌ಲಕ್‌ಗಳಲ್ಲಿ ಒಂದೇ ಸೀಟಿಗೆ ನಿಂತಿರೋ ಇಬ್ಬರ ಕಡೆಯವರೂ ಬಂದಿರ್ತಾರೆ, ಇಬ್ಬರೂ ಬೇಕಾದವರೇ ಅಂತ ಇಬ್ಬರಿಗೂ ಸಹಿ ಹಾಕ್ಬಿಟ್ರೆ ಇಬ್ಬರಿಗೂ ಉಪಯೋಗ ಆಗ್ಲಿಲ್ಲ. ಅದಕ್ಕೇ ಕೇಳ್ಬೇಕು, 'ಈ ಸೀಟಿಗೆ ಬೇರೆ ಯಾರಿಗಾದ್ರೂ ಆಗ್ಲೇ ಹಾಕಿದ್ದೀರಾ?' ಅಂತ. ಹಾಕಿದ್ದೀನಿ ಅಂದ್ರೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ. ಪರವಾಗಿಲ್ಲ ಇದಕ್ಕೂ ಹಾಕಿ ಅನ್ನೋ ವಾಲಂಟಿಯರ್ ತಮ್ಮ ಕ್ಯಾಂಡಿಡೇಟ್‌ಗೇ ತೊಂದರೆ ಮಾಡ್ತಿದ್ದಾರೆ.

ಆ ಹಾಳೇನ ಒಂದ್ಸಲ ಹತ್ತಿರದಿಂದ ನೋಡೋಣ. ಮೇಲ್ಗಡೆ ಹೆಡಿಂಗಲ್ಲಿ ಯಾವ ಕೌಂಟಿ ಅಂತ ಇರತ್ತೆ, ಅದರ ಕೆಳಗೆ ಕ್ಯಾಂಡಿಡೇಟ್ ಹೆಸರು, ಅವರ ಅಡ್ರೆಸ್ಸು, ಪಾರ್ಟಿ, ಯಾವ ಹುದ್ದೆ, ಡಿಸ್ಟ್ರಿಕ್ಟ್ ಇದ್ರೆ ಅದರ ನಂಬರು, ಯಾವ ತಾರೀಖಿನ ಎಲೆಕ್ಷನ್. ಮಧ್ಯದಲ್ಲಿ ಸಾಲುಗಳು, ಸಹಿ, ಅಚ್ಚಕ್ಷರದಲ್ಲಿ ಹೆಸರು, ಮನೆ ನಂಬರು ರಸ್ತೆ, ಜಿಪ್ ಕೋಡ್, ಸಹಿ ಹಾಕಿದ ದಿನ. ಕೊನೇಲಿ ಸಹಿ ಸಂಗ್ರಹ ಮಾಡಿದವರ ಸರ್ಟಿಫಿಕೇಟ್. ಸಹಿ ಕೇಳುವಾಗ ಈ ಹೆಡಿಂಗ್ ಪೂರ್ತಿ ಕಾಣೋ ಹಾಗೆ ಹಿಡೀರಿ, ಹೆಬ್ಬೆರಳು ಅದರ ಮೇಲೆ ಇಡಬೇಡಿ, ಮೇಲೆ ಪಾಂಪ್ಲೆಟ್ ಕ್ಲಿಪ್ ಮಾಡ್ಬೇಡಿ. ಚಿಕ್ಕ ವಿಷಯ ಅನ್ಸತ್ತೆ, ಅಲ್ಲ. 2024ರಲ್ಲಿ ನ್ಯೂಯಾರ್ಕಲ್ಲಿ ಪ್ರೆಸಿಡೆಂಟ್ ಸ್ಥಾನಕ್ಕೆ ನಿಂತಿದ್ದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಪರ ದುಡ್ಡಿಗೆ ಸಹಿ ಸಂಗ್ರಹ ಮಾಡ್ತಿದ್ದ ಕೆಲವರು ಹಾಳೇನ ಮಡಿಚಿ ಹೆಸರು ಕಾಣದ ಹಾಗೆ ಹಿಡ್ಕೊಂಡು ಬೇರೆ ಏನೋ ಹೇಳಿ ಸಹಿ ಕೇಳ್ತಿದ್ರು ಅಂತ ಪತ್ರಿಕೆಗಳಲ್ಲಿ ಬಂತು. ಸಹಿ ಹಾಕೋರಿಗೆ ನಾನು ಹೇಳೋದು ಇಷ್ಟೇ, ಮಡಿಚಿದ ಹಾಳೆ ಕಂಡ್ರೆ ಬಿಚ್ಚಿ ತೋರ್ಸಿ ಅನ್ನಿ, ತೋರಿಸ್ದೆ ಇದ್ರೆ ಹೊರಟುಬಿಡಿ. ದಾಕ್ಷಿಣ್ಯ ಬೇಡ.

ಇನ್ನೊಂದು, ಎಲ್ಲ ಕ್ಲಿಪ್‌ಬೋರ್ಡೂ ಕ್ಯಾಂಡಿಡೇಟ್ ಪಿಟಿಷನ್ ಅಲ್ಲ. ಹೊಸ ಕಾನೂನು ತರೋಕೆ ಅಂತ ಒಂದು, ಸಂವಿಧಾನ ತಿದ್ದುಪಡಿಗೆ ಅಂತ ಒಂದು, ಗೆದ್ದವರನ್ನ ವಾಪಸ್ ಕರೆಸೋ ರೀಕಾಲ್‌ಗೆ ಅಂತ ಒಂದು, ಎಷ್ಟೋ ಸಲ ಒಬ್ಬರೇ ಮೂರು ನಾಲ್ಕು ತರದ ಹಾಳೆ ಒಂದೇ ಬೋರ್ಡಲ್ಲಿ ಇಟ್ಕೊಂಡಿರ್ತಾರೆ, ಮೊದಲನೇದಕ್ಕೆ ಸಹಿ ಹಾಕಿದ ಮೇಲೆ ಇಲ್ಲೂ ಒಂದು ಇಲ್ಲೂ ಒಂದು ಅಂತ ಪುಟ ತಿರುಗಿಸ್ತಾ ಹೋಗ್ತಾರೆ. ಪ್ರತಿ ಪುಟಕ್ಕೂ ನಿಲ್ಲಿಸಿ ಹೆಡಿಂಗ್ ಓದ್ಬೇಕು. ಮಿಶಿಗನ್‌ನಲ್ಲಿ ಕಾಲೇಜು ಸೀಟು ಮತ್ತೆ ಸರ್ಕಾರಿ ಕೆಲ್ಸದಲ್ಲಿ ಅಫರ್ಮೇಟಿವ್ ಆ್ಯಕ್ಷನ್ (ಹಿಂದುಳಿದ ಗುಂಪುಗಳಿಗೆ ಆದ್ಯತೆ ಕೊಡೋ ನೀತಿ) ನಿಲ್ಲಿಸೋಕೆ 2006ರಲ್ಲಿ ಬ್ಯಾಲಟ್‌ಗೆ ಬಂದ ತಿದ್ದುಪಡಿಗೆ ಸಹಿ ಸಂಗ್ರಹ ಮಾಡುವಾಗ, ಇದು ಅಫರ್ಮೇಟಿವ್ ಆ್ಯಕ್ಷನ್ ಪರ ಇರೋ ಪಿಟಿಷನ್ ಅಂತ ನಂಬಿಸಿ ಜನರ ಕೈಲಿ ಹಾಕಿಸ್ಕೊಂಡ್ರು ಅಂತ ಕೇಸ್ ಆಯ್ತು. ಮೋಸ ಆಗಿದೆ ಅಂತ ಫೆಡರಲ್ ಜಡ್ಜ್ ಕೂಡ ಹೇಳಿದ್ರು, ಆದ್ರೂ ಕೇಸಲ್ಲಿ ಹೇಳಿದ್ದ ವೋಟಿಂಗ್ ಹಕ್ಕಿನ ಕಾನೂನಿನ ಕೆಳಗೆ ಅದನ್ನ ತಡೆಯೋಕಾಗಲ್ಲ ಅಂತಾಯ್ತು, ಅದು ಬ್ಯಾಲಟ್‌ಗೆ ಹೋಯ್ತು, ಪಾಸೂ ಆಯ್ತು. ಆಮೇಲೆ ಕೋರ್ಟಲ್ಲಿ ಸರಿಹೋಗತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ ಅನ್ನೋದಕ್ಕೆ ಇದನ್ನ ಹೇಳ್ದೆ.

ಯಾವ ಡಿಸ್ಟ್ರಿಕ್ಟು ಅಂತ ನೋಡೋದನ್ನ ಯಾರೂ ಮರೀಬಾರ್ದು. 2022ಕ್ಕೆ ಮಿಶಿಗನ್‌ನ ಗಡಿಗಳೆಲ್ಲ ಹೊಸದಾಗಿ ಬರೆದ್ರು, ಪಕ್ಕಪಕ್ಕದ ಸಬ್‌ಡಿವಿಷನ್ ಬೇರೆ ಬೇರೆ ಡಿಸ್ಟ್ರಿಕ್ಟಲ್ಲಿ ಇರಬಹುದು. ದೇಸಿ ಅಂಗಡಿ ಮುಂದೆ ನಿಂತ್ರೆ ಅಲ್ಲಿಗೆ ಅರ್ಧ ಗಂಟೆ ಡ್ರೈವ್ ಮಾಡ್ಕೊಂಡು ಬಂದಿರೋರೇ ಜಾಸ್ತಿ, ಅವರ ಸಹಿ ನಿಮ್ಮ ಕ್ಯಾಂಡಿಡೇಟ್‌ಗೆ ಕೆಲಸಕ್ಕೆ ಬರಲ್ಲ. ಸುಲಭದ ದಾರಿ ಅಂದ್ರೆ ಫೋನಲ್ಲಿ ಸ್ಟೇಟ್‌ನ ವೋಟರ್ ಇನ್ಫರ್ಮೇಷನ್ ಸೆಂಟರ್ ಸೈಟ್ ಓಪನ್ ಮಾಡಿ ಅವರ ಕೈಗೇ ಕೊಡಿ, ಹೆಸರು, ಹುಟ್ಟಿದ ತಿಂಗಳು ವರ್ಷ, ಜಿಪ್ ಕೋಡ್ ಹಾಕಿದ್ರೆ ರಿಜಿಸ್ಟ್ರೇಷನ್ ಇದ್ಯಾ, ಯಾವ ಅಡ್ರೆಸ್ಸಲ್ಲಿದೆ, ಯಾವ ಡಿಸ್ಟ್ರಿಕ್ಟು ಎಲ್ಲಾ ಬರತ್ತೆ. ಸಿಟಿಜನ್ ಆದ ಮೇಲೆ ವೋಟರ್ ಆಗಿ ರಿಜಿಸ್ಟರ್ ಆಗೋಕೆ ಮರ್ತಿರೋರೂ ಇರ್ತಾರೆ, ಮನೆ ಬದಲಾಯಿಸಿ ಅಡ್ರೆಸ್ ಹಳೇದೇ ಬಿಟ್ಟಿರೋರೂ ಇರ್ತಾರೆ, ಅಲ್ಲೇ ಗೊತ್ತಾಗತ್ತೆ. ನಿಮಗೆ ಸಹಿ ಸಿಗದೆ ಹೋದ್ರೂ ಒಬ್ಬರ ರಿಜಿಸ್ಟ್ರೇಷನ್ ಸರಿ ಆಯ್ತು, ಅದೂ ಒಳ್ಳೇ ಕೆಲಸಾನೇ.

ಸಹಿ ಹೇಗೆ ಹಾಕ್ಬೇಕು ಅನ್ನೋದೂ ಹೇಳ್ಕೊಡಿ. ಸಹಿ ಬಗ್ಗೆ ಅನುಮಾನ ಬಂದ್ರೆ ವೋಟರ್ ಫೈಲಲ್ಲಿರೋ ಸಹಿ ಜೊತೆ ಇಟ್ಟು ನೋಡ್ತಾರೆ, ಅದು ಸಾಮಾನ್ಯವಾಗಿ ಡ್ರೈವರ್ಸ್ ಲೈಸೆನ್ಸ್‌ಗೆ ಕೊಟ್ಟಿದ್ದೇ. ಲೈಸೆನ್ಸಲ್ಲಿ ಕನ್ನಡದಲ್ಲಿ ಸಹಿ ಇದ್ರೆ ಇಲ್ಲೂ ಕನ್ನಡದಲ್ಲೇ ಹಾಕಿ, ಅಲ್ಲಿ ಪೂರ್ತಿ ಹೆಸರು ಬರೆದಿದ್ರೆ ಇಲ್ಲಿ ಬರೀ ಇನಿಷಿಯಲ್ ಗೀಚ್ಬೇಡಿ. ಅಚ್ಚಕ್ಷರದ ಹೆಸರು ರಿಜಿಸ್ಟ್ರೇಷನ್‌ನಲ್ಲಿ ಇರೋ ಹಾಗೆ, ನಮ್ಮಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಲಾಸ್ಟ್ ನೇಮ್ ಆಗಿ ಕೂತಿರತ್ತಲ್ಲ, ದಿನಾ ಕರೆಯೋ ಹೆಸರು ಬರೆದ್ರೆ ಹುಡುಕೋರಿಗೆ ಸಿಗಲ್ಲ. ಜಿಪ್ ಕೋಡ್ ತಪ್ಪಾದ್ರೆ ಸಹಿ ಬಿದ್ದು ಹೋಗಲ್ಲ, ಅದಕ್ಕೆ ವಿನಾಯಿತಿ ಇದೆ. ಆದ್ರೆ ತಾರೀಖು ತಪ್ಪಿದ್ರೆ ಹೋಗತ್ತೆ. ಅದರಲ್ಲೂ ನಮ್ಮವರು ದಿನ ಮೊದ್ಲು ತಿಂಗಳು ಆಮೇಲೆ ಬರೆಯೋ ಅಭ್ಯಾಸದವರು, ಮಾರ್ಚ್ 5 ಅನ್ನೋದು ಮೇ 3 ಆಗಿ ಕೂರತ್ತೆ, ಮೇ ಅಂದ್ರೆ ಫೈಲಿಂಗ್ ಮುಗಿದು ಹೋದ ಮೇಲಿನ ತಾರೀಖು. ಪೆನ್ ಕೊಡುವಾಗ ಇವತ್ತಿನ ತಾರೀಖನ್ನ ತಿಂಗಳು ಮೊದ್ಲು ಹಾಕಿ ಅಂತ ಬಾಯಲ್ಲೇ ಹೇಳಿ. ನೀವೇ ಅವರ ಪರವಾಗಿ ಬರೆಯೋಕೆ ಹೋಗ್ಬೇಡಿ.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು ಅನ್ನೋರು 2022 ನೆನಪಿಸ್ಕೊಳ್ಳಿ. ಆ ವರ್ಷ ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಪ್ರೈಮರಿಗೆ ಅಂತ ಬಂದ ಐದು ಜನ ಸಹಿ ಸಮಸ್ಯೆಯಿಂದಾನೇ ಹೊರಗೆ ಹೋದ್ರು. ಡೆಟ್ರಾಯಿಟ್ ಪೊಲೀಸ್ ಚೀಫ್ ಆಗಿದ್ದ ಜೇಮ್ಸ್ ಕ್ರೇಗ್ 20,000ಕ್ಕೂ ಹೆಚ್ಚು ಸಹಿ ಕೊಟ್ಟಿದ್ರು, ಪರಿಶೀಲನೆ ಆದಾಗ ಉಳಿದಿದ್ದು 10,192. ಬಿಸಿನೆಸ್‌ಮ್ಯಾನ್ ಪೆರಿ ಜಾನ್ಸನ್‌ಗೆ ಉಳಿದಿದ್ದು 13,800. ಬೇಕಾಗಿದ್ದು 15,000. ಸ್ಟೇಟ್‌ನ ಎಲೆಕ್ಷನ್ ಕಚೇರಿ ಬ್ಯೂರೋ ಆಫ್ ಎಲೆಕ್ಷನ್ಸ್ ಪ್ರಕಾರ 36 ಜನ ಸಂಗ್ರಹಕಾರರು ಬೇರೆ ಬೇರೆ ಕ್ಯಾಂಡಿಡೇಟ್‌ಗಳ ಹಾಳೆಗಳಲ್ಲಿ ಕಡಿಮೆ ಅಂದ್ರೂ 68,000 ಅಸಿಂಧು ಸಹಿ ತುಂಬಿದ್ರು. ಅವರು ಅದನ್ನ ಕಂಡುಹಿಡಿದ ರೀತಿ ನೋಡಿ, ಹಾಳೆಗಳು ತುಂಬಾ ಸ್ವಚ್ಛವಾಗಿದ್ವು. ರಸ್ತೇಲಿ ಓಡಾಡಿ ಬಂದ ಹಾಳೆ ಮಡಿಚಿರತ್ತೆ, ತುದಿ ಮುರುಟಿರತ್ತೆ, ಮಳೆ ಹನಿ ಬಿದ್ದಿರತ್ತೆ, ಇವು ಮೇಜಿನಿಂದ ಎದ್ದೇ ಇರಲಿಲ್ಲ ಅನ್ನೋ ಹಾಗಿದ್ವು. ಕೆಲವು ಹಾಳೇಲಿ ಸಹಿ ಎಲ್ಲ ಒಂದೇ ಕೈಬರಹ, ಇನ್ನು ಕೆಲವು ಕಡೆ ನಾಲ್ಕಾರು ಜನ ಸುತ್ತ ಕೂತು ಹಾಳೆ ಒಬ್ಬರಿಂದ ಒಬ್ಬರಿಗೆ ದಾಟಿಸ್ತಾ ಸಾಲು ಸಾಲಾಗಿ ತುಂಬಿದ ಲಕ್ಷಣ, ತೀರಿಹೋದವರ ಹೆಸರು, ಊರು ಬಿಟ್ಟವರ ಹೆಸರು. ಸಹಿ ಸಾಕಾ ಇಲ್ವಾ ಅಂತ ತೀರ್ಮಾನ ಮಾಡೋ ಬೋರ್ಡ್ ಆಫ್ ಸ್ಟೇಟ್ ಕ್ಯಾನ್ವಾಸರ್ಸ್‌ನಲ್ಲಿ ಇಬ್ಬರು ಡೆಮಾಕ್ರಾಟ್ ಇಬ್ಬರು ರಿಪಬ್ಲಿಕನ್, ವೋಟು 2-2 ಆಯ್ತು, ಬಹುಮತ ಸಿಗದೆ ಆ ಹೆಸರುಗಳು ಬ್ಯಾಲಟ್‌ಗೆ ಹೋಗ್ಲಿಲ್ಲ. ಕ್ಯಾಂಡಿಡೇಟ್‌ಗಳಿಗೆ ಇದು ಗೊತ್ತಿತ್ತು ಅಂತ ಬ್ಯೂರೋ ಹೇಳ್ಲಿಲ್ಲ. ಸಹಿ ತಂದ್ಕೊಡಿ ಅಂತ ದುಡ್ಡು ಕೊಟ್ಟು ಬಿಟ್ಟಿದ್ದಕ್ಕೆ ಹೀಗಾಯ್ತು.

ನಮ್ಮ ಕರ್ನಾಟಕದ ನಂಟು ಇರೋ ಒಂದು ಸೀಟಲ್ಲೂ ಇದೇ ಆಗಿದೆ. ಡೆಟ್ರಾಯಿಟ್‌ನ 13ನೇ ಕಾಂಗ್ರೆಸ್ ಡಿಸ್ಟ್ರಿಕ್ಟಿಗೆ 2023ರಿಂದ ಪ್ರತಿನಿಧಿ ಆಗಿರೋ ಶ್ರೀ ಥಾನೇದಾರ್ ಬೆಳಗಾವಿ ಕಡೆ ಹುಟ್ಟಿ ಬೆಳೆದವರು. 2024ರ ಡೆಮಾಕ್ರಾಟಿಕ್ ಪ್ರೈಮರೀಲಿ ಅವರ ಎದುರು ನಿಂತ ಆ್ಯಡಮ್ ಹೋಲಿಯರ್ 1,500ಕ್ಕೂ ಹೆಚ್ಚು ಸಹಿ ಕೊಟ್ಟಿದ್ರು, ಬೇಕಾಗಿದ್ದು 1,000. ಈ ಸಹಿಗಳು ಸರಿ ಇಲ್ಲ ಅಂತ ಥಾನೇದಾರ್ ಕಡೆಯಿಂದ ಚಾಲೆಂಜ್ ಬಂತು, ಪರಿಶೀಲನೆ ಮಾಡಿದಾಗ ಸಂಖ್ಯೆ ಸಾವಿರಕ್ಕಿಂತ ಕೆಳಗೆ ಇಳೀತು, ಹೋಲಿಯರ್ ಹೆಸರು ಬ್ಯಾಲಟ್‌ನಿಂದ ಹೋಯ್ತು. ಇಬ್ಬರಲ್ಲಿ ಯಾರು ಒಳ್ಳೆಯವರು ಅನ್ನೋದು ನನ್ನ ವಿಷಯ ಅಲ್ಲ, ಆ ಡಿಸ್ಟ್ರಿಕ್ಟಿನ ವೋಟರ್‌ಗಳು ಆರಿಸ್ಬೇಕಾಗಿದ್ದನ್ನ ಹಾಳೆ ಮೇಲಿನ ಸಹಿಗಳು ತೀರ್ಮಾನ ಮಾಡಿಬಿಟ್ವು, ನಂಗೆ ಬೇಜಾರಾಗೋದು ಅದಕ್ಕೆ. ಊರಲ್ಲೂ ಅದೇ ವರ್ಷ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಸೂಚಕರು ಈ ಸಹಿ ನಮ್ಮದಲ್ಲ ಅಂತ ಅಫಿಡವಿಟ್ ಕೊಟ್ಟು ಕಾಂಗ್ರೆಸ್ ಪಾರ್ಟಿ ಕ್ಯಾಂಡಿಡೇಟ್ ನಾಮಪತ್ರ ತಿರಸ್ಕಾರ ಆಯ್ತು, ಉಳಿದವರೂ ಹಿಂದೆ ಸರಿದು, ವೋಟಿಂಗೇ ನಡೀದೆ ಬಿಜೆಪಿಯವರು ಅವಿರೋಧವಾಗಿ ಗೆದ್ರು.

ಹಾಳೆ ಹಿಡಿಯೋರಿಗೆ ಕೆಲವು ಕಟ್ಟುನಿಟ್ಟು ಇದೆ. ನೀವು 18 ತುಂಬಿರೋ ಅಮೆರಿಕನ್ ಸಿಟಿಜನ್ ಆಗಿರ್ಬೇಕು, ಎಚ್-1ಬಿ ಮೇಲೆ ಇರೋ ಸ್ನೇಹಿತರು ಬೇರೆ ಸಹಾಯ ಮಾಡಲಿ, ಹಾಳೆ ಹಿಡಿಯೋದು ಬೇಡ. ಪ್ರತಿ ಸಹಿ ನಿಮ್ಮ ಕಣ್ಣೆದುರು ಬೀಳ್ಬೇಕು. ಅಂಗಡಿ ಕೌಂಟರ್ ಮೇಲೆ ಬಿಟ್ಟು ಸಂಜೆ ಬಂದು ತಗೊಂಡು ಹೋಗೋದು, ಆಫೀಸಲ್ಲಿ ಟೇಬಲ್‌ನಿಂದ ಟೇಬಲ್‌ಗೆ ಕಳ್ಸೋದು ಆಗಲ್ಲ, ಯಾಕಂದ್ರೆ ಕೊನೇಲಿ ಸರ್ಟಿಫಿಕೇಟಲ್ಲಿ ಇವೆಲ್ಲ ನನ್ನ ಮುಂದೆ ಹಾಕಿದ್ದು, ಯಾರೂ ಎರಡು ಸಲ ಹಾಕಿದ್ದು ನಂಗೆ ಗೊತ್ತಿಲ್ಲ ಅಂತ ಸಹಿ ಹಾಕೋದು ನೀವೇ. ಆ ನಿಮ್ಮ ಸಹಿ ತಾರೀಖು ಎಲ್ಲರದೂ ಆದ ಮೇಲೇ ಬರ್ಬೇಕು, ಮೊದ್ಲೇ ಹಾಕಿಟ್ರೆ ಅದರ ನಂತರದ ದಿನಗಳಲ್ಲಿ ಬಂದ ಸಹಿ ಲೆಕ್ಕಕ್ಕಿಲ್ಲ. ಯಾರಾದ್ರೂ ದುಡ್ಡು ತಗೊಂಡು ಮಾಡ್ತಿದ್ದೀರಾ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ. ಸಹಿ ಹಾಕಿದವರು ಎರಡು ಹೆಜ್ಜೆ ಹೋಗಿ ವಾಪಸ್ ಬಂದು ಬೇಡ ಅನ್ಸತ್ತೆ ಅಂದ್ರೆ ವಾದ ಮಾಡದೆ ಅವರೆದುರಿಗೇ ಆ ಸಾಲಿಗೆ ಗೆರೆ ಎಳೀರಿ.

ದೇವಸ್ಥಾನ, ಕನ್ನಡ ಕೂಟದ ಕಾರ್ಯಕ್ರಮ ಅಂದ್ರೆ ಸ್ವಲ್ಪ ದೂರ ಇಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಈ ಸಂಸ್ಥೆಗಳಲ್ಲಿ ಹೆಚ್ಚಿನವು 501ಸಿ3 ಲೆಕ್ಕದಲ್ಲಿ ಟ್ಯಾಕ್ಸ್ ವಿನಾಯಿತಿ ಇರೋವು, ಕ್ಯಾಂಡಿಡೇಟ್ ಪರ ವಿರೋಧ ಸಂಸ್ಥೆ ಕಡೆಯಿಂದ ಆಗ್ಬಾರ್ದು ಅಂತ ಟ್ಯಾಕ್ಸ್ ಕಾನೂನಲ್ಲಿದೆ. ಯುಗಾದಿ ಪ್ರೋಗ್ರಾಮಲ್ಲಿ ಸ್ಟೇಜಿಂದ ಎಲ್ಲರೂ ಹೋಗಿ ಸೈನ್ ಮಾಡಿ ಅಂತ ಅನೌನ್ಸ್ ಮಾಡಿಸೋದು ಕೂಟಕ್ಕೂ ಕಷ್ಟ, ಜನಕ್ಕೂ ಕಷ್ಟ, ಎಲ್ಲರ ಎದುರು ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಅಂಗಡಿ ಜಾಗ ಆದ್ರೆ ಓನರ್‌ನ ಮೊದ್ಲು ಕೇಳಿ.

ಭಾಷೆ ವಿಷಯ ಒಂದು ಹೇಳ್ಬೇಕು. ಸಿಟಿಜನ್ ಆಗಿರೋ ಹಿರಿಯರು ನಮ್ಮಲ್ಲಿ ತುಂಬಾ ಜನ ಇದ್ದಾರೆ, ವೋಟರ್‌ಗಳೇ, ಇಂಗ್ಲಿಷ್ ಹೆಡಿಂಗ್ ಓದೋಕೆ ಕಷ್ಟ ಪಡ್ತಾರೆ. ಅವರಿಗೆ ಕನ್ನಡದಲ್ಲಿ ಓದಿ ಹೇಳಿ, ಪೂರ್ತಿ ಹೇಳಿ. 'ನಮ್ಮ ಕನ್ನಡದವರಿಗೆ ಸಹಾಯ ಮಾಡೋಕೆ' ಅಂತ ಅರ್ಧ ಹೇಳಿ ಪಾರ್ಟಿ ಹೆಸರು ನುಂಗಬೇಡಿ. ಪಾರ್ಟಿ ಕೇಳಿದ ಮೇಲೆ ಅವರು ಬೇಡ ಅಂದ್ರೆ ಅದು ಅವರ ಹಕ್ಕು. ನಾನು ಹೇಳೋದು ಹೀಗೆ: 'ನಮಸ್ಕಾರ ರೀ, ನಾನು ವಾಲಂಟಿಯರ್, ಇಂಥವರು ಇಂಥ ಪಾರ್ಟಿಯಿಂದ ಸ್ಟೇಟ್ ಹೌಸಿಗೆ ನಿಲ್ತಿದ್ದಾರೆ, ಬ್ಯಾಲಟ್ ಮೇಲೆ ಅವರ ಹೆಸರು ಬರೋಕೆ ಈ ಡಿಸ್ಟ್ರಿಕ್ಟಿನ ವೋಟರ್‌ಗಳ ಸಹಿ ಬೇಕು. ಇದು ವೋಟ್ ಅಲ್ಲ. ನೀವು ಸಿಟಿಜನ್ನಾ, ಇದೇ ಅಡ್ರೆಸ್ಸಲ್ಲಿ ರಿಜಿಸ್ಟರ್ ಆಗಿದ್ದೀರಾ? ಇದೇ ಸೀಟಿಗೆ ಬೇರೆಯವರಿಗೆ ಹಾಕಿದ್ದೀರಾ? ನಿಮ್ಮ ಹೆಸರು ಅಡ್ರೆಸ್ ಪಬ್ಲಿಕ್ ಆಗತ್ತೆ. ಹಾಳೆ ನೋಡಿ, ನಿಧಾನಕ್ಕೆ ಓದಿ.' ಇಷ್ಟು ಹೇಳಿ ಸುಮ್ಮನಾಗಿ. ಒಂದು ನಿಮಿಷಾನೂ ಆಗಲ್ಲ. ಹೀಗೆ ಹೇಳಿ ತಗೊಂಡ ಇನ್ನೂರು ಸಹಿ ಅವಸರದಲ್ಲಿ ತಂದ ನಾನೂರಕ್ಕಿಂತ ಗಟ್ಟಿ.

ಇದೆಲ್ಲ ಮಿಶಿಗನ್ ರೂಲ್ಸ್. ನ್ಯೂಯಾರ್ಕಲ್ಲಿರೋ ಅಣ್ಣ ತಮ್ಮಂದಿರಿಗೆ ಇದನ್ನ ಹಾಗೇ ಫಾರ್ವರ್ಡ್ ಮಾಡ್ಬೇಡಿ, ಅಲ್ಲಿ ಪಾರ್ಟಿ ಪ್ರೈಮರಿ ಪಿಟಿಷನ್‌ಗೆ ಆ ಪಾರ್ಟೀಲಿ ಹೆಸರು ಬರ್ಸಿರೋ ವೋಟರೇ ಸಹಿ ಹಾಕ್ಬೇಕು. ಪ್ರತಿ ರಾಜ್ಯಕ್ಕೂ ಬೇರೆ, ಅಲ್ಲಿಯ ಎಲೆಕ್ಷನ್ ಆಫೀಸ್ ಸೈಟ್ ನೋಡಿ.

ಕೊನೇಗೆ, ನೀವು ಹಾಕದೇ ಇರೋ ಸಹಿ ನಿಮ್ಮ ಹೆಸರಲ್ಲಿ ಇದ್ಯೇನೋ ಅಂತ ಅನುಮಾನ ಬಂದ್ರೆ ಸುಮ್ನೆ ಕೂರಬೇಡಿ. ಪಿಟಿಷನ್ ಎಲ್ಲಿ ಫೈಲ್ ಆಗಿದ್ಯೋ ಅಲ್ಲಿಗೆ, ಒಂದೇ ಕೌಂಟಿಯೊಳಗಿನ ಸೀಟಾದ್ರೆ ಕೌಂಟಿ ಕ್ಲರ್ಕ್ ಆಫೀಸಿಗೆ, ಸ್ಟೇಟ್ ಮಟ್ಟದ್ದಾದ್ರೆ ಲ್ಯಾನ್ಸಿಂಗ್‌ನ ಬ್ಯೂರೋ ಆಫ್ ಎಲೆಕ್ಷನ್ಸ್‌ಗೆ ಫೋನ್ ಮಾಡಿ ಕಾಪಿ ಕೇಳಿ. ಚಾಲೆಂಜ್ ಮಾಡೋಕೆ ಫೈಲಿಂಗ್ ಲಾಸ್ಟ್ ಡೇಟ್ ಆದ ಮೇಲೆ ಏಳೇ ದಿನ ಇರೋದು, ಹಾಗಾಗಿ ಬೇಗ ಕೇಳ್ಬೇಕು. ನಿಮ್ಮ ಸಾಲು ಸಿಕ್ಕಿ ಅದು ನಿಮ್ಮ ಕೈಬರಹ ಅಲ್ಲ ಅಂತಾದ್ರೆ ಇದು ನನ್ನ ಸಹಿ ಅಲ್ಲ ಅಂತ ಬರವಣಿಗೇಲಿ ತಿಳಿಸಿ, ಯಾವ ಪುಟ ಯಾವ ಸಾಲು ಅಂತ ಬರೀರಿ, ಆ ಪುಟದ ಕೊನೇಲಿ ಸರ್ಟಿಫಿಕೇಟಿಗೆ ಸಹಿ ಹಾಕಿರೋ ಸಂಗ್ರಹಕಾರರ ಹೆಸರನ್ನೂ ಗುರುತು ಹಾಕ್ಕೊಳ್ಳಿ, ವಿಚಾರಣೆ ಶುರು ಆಗೋದೇ ಆ ಹೆಸರಿಂದ.